ಒಂಬತ್ತು ಮೀಟರ್ ಹಿಮದಡಿ

ಗಾಜಿನ ಎಳೆಗೂ ಕಿವಿಯಿದೆ ಎಂದು ನೀಲಗಂಗಾ ಯರಗಟ್ಟಿ ಮೊದಲ ಸಲ ಹೇಳಿದಾಗ ಸಭೆಯಲ್ಲಿದ್ದ ಹಿರಿಯ ವಿಜ್ಞಾನಿಗಳು ಮುಸಿಮುಸಿ ನಕ್ಕಿದ್ದರು. ಮೂರು ವರ್ಷ ತುಂಬುವುದರೊಳಗೆ ಅದೇ ಹಿರಿಯರು ಅವಳನ್ನು ದಿಲ್ಲಿಗೆ ಕರೆಸಿ ಶಾಲು ಹೊದಿಸಿದರು.

ಅವಳು ಮಾಡಿದ್ದು ಕೇಳಲಿಕ್ಕೆ ಸರಳವಾಗಿಯೇ ಇತ್ತು. ಟೆಲಿಫೋನಿಗಾಗಿ ರಸ್ತೆ ಬದಿಯಲ್ಲಿ ಹೂಳುತ್ತಾರಲ್ಲ, ಅಂಥದೇ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿಯನ್ನು ಸೆರಾಂಗ್ ಹಿಮನದಿಯ ಅಂಚಿನ ಬಂಡೆಬಿರುಕುಗಳಲ್ಲಿ ನಲವತ್ತು ಕಿಲೋಮೀಟರ್ ಉದ್ದಕ್ಕೆ ಹಾಸಿಸಿದಳು. ಒಂದು ತುದಿಯಿಂದ ಲೇಸರ್ ಬೆಳಕನ್ನು ಸೆಕೆಂಡಿಗೆ ಸಾವಿರಾರು ಸಲ ಮಿಡಿಸಿದರೆ, ತಂತಿ ಎಲ್ಲಿ ಎಳ್ಳಷ್ಟು ಅದುರಿದರೂ ಅಲ್ಲಿಂದ ಮರಳುವ ಬೆಳಕು ತುಸು ಬದಲಾಗುತ್ತದೆ. ಹಾಗಾಗಿ ತಂತಿಯ ಒಂದೊಂದು ಮೀಟರೂ ಒಂದೊಂದು ಕಿವಿ. ಇಳಿಜಾರಿನಲ್ಲಿ ಕೂತ ಹಿಮ ಕುಸಿಯುವ ಮುನ್ನ ಅದರ ತಳದಲ್ಲಿರುವ, ಸಕ್ಕರೆ ಹರಳಿನಂಥ ಸಡಿಲ ಪದರವೊಂದು ಚಟಚಟನೆ ಮುರಿಯತೊಡಗುತ್ತದೆ. ಮನುಷ್ಯರ ಕಿವಿಗೆ ಎಟುಕದ ಆ ಸದ್ದನ್ನು ತಂತಿ ಎಂಟು ಹತ್ತು ತಾಸು ಮೊದಲೇ ಹಿಡಿದುಬಿಡುತ್ತಿತ್ತು. ಅಷ್ಟು ಹೊತ್ತು ಸಿಕ್ಕರೆ ಒಂದು ಠಾಣೆಯ ಜವಾನರೆಲ್ಲ ಗಂಟುಮೂಟೆ ಕಟ್ಟಿಕೊಂಡು ಸುರಕ್ಷಿತ ಜಾಗಕ್ಕೆ ಇಳಿದುಬಿಡಬಹುದು. ತಂತಿ ಹಾಸಿದ ಮೇಲಿನ ಎರಡು ಚಳಿಗಾಲಗಳಲ್ಲಿ ನಮ್ಮ ಕಡೆಯ ಒಬ್ಬ ಸೈನಿಕನೂ ಹಿಮಕ್ಕೆ ಬಲಿಯಾಗಲಿಲ್ಲ.

ಆ ಹಿಮನದಿ ಯಾರದು ಎಂಬ ಜಗಳಕ್ಕೆ ಮೂರು ತಲೆಮಾರು ಕಳೆದಿದ್ದವು. ಅಲ್ಲಿ ಹುಲ್ಲುಕಡ್ಡಿ ಬೆಳೆಯುವುದಿಲ್ಲ. ನಕಾಶೆ ಬರೆದವರು ಗಡಿಯ ಗೆರೆಯನ್ನು ಹಿಮನದಿಯ ಬುಡದವರೆಗೆ ತಂದು, ಇದರ ಮುಂದೆ ಮನುಷ್ಯರು ಯಾಕೆ ಹೋದಾರು ಎಂದು ಪೆನ್ನು ಮುಚ್ಚಿದ್ದರು. ಮನುಷ್ಯರು ಹೋದರು. ಆ ದೇಶ ಒಂದು ದಿಬ್ಬ ಏರಿದರೆ ಈ ದೇಶ ಅದಕ್ಕಿಂತ ಎತ್ತರದ ಇನ್ನೊಂದು ದಿಬ್ಬ ಏರಿತು. ಎರಡೂ ದೇಶಗಳ ಬಳಿ ಪರಸ್ಪರರ ಊರುಗಳನ್ನು ಬೂದಿ ಮಾಡಿ, ಬೂದಿಯನ್ನು ಮತ್ತೆ ಸುಡುವಷ್ಟು ಅಣುಬಾಂಬುಗಳಿದ್ದವು. ಬಾಂಬಿಗೆ ಅಂಜಿ ದೊಡ್ಡ ಯುದ್ಧ ಮಾಡುವಂತಿಲ್ಲ, ಮಾನಕ್ಕೆ ಅಂಜಿ ಹಿಂದಕ್ಕೆ ಬರುವಂತಿಲ್ಲ. ಹೀಗಾಗಿ ಎರಡೂ ಕಡೆಯ ಹುಡುಗರು ಆರಾರು ತಿಂಗಳಿಗೊಂದು ತಂಡದಂತೆ ಆ ಹಿಮದ ಮೇಲೆ ಕೂತು ಬೆರಳು ಕಳೆದುಕೊಳ್ಳುತ್ತಿದ್ದರು, ಉಸಿರು ಕಳೆದುಕೊಳ್ಳುತ್ತಿದ್ದರು. ಗುಂಡಿಗೆ ಸತ್ತವರಿಗಿಂತ ಹಿಮಕ್ಕೆ ಸತ್ತವರೇ ಹೆಚ್ಚು.

ಹಾಗೆ ಸತ್ತವರಲ್ಲಿ ನೀಲಾಳ ತಮ್ಮ ಮಡಿವಾಳನೂ ಒಬ್ಬ. ಸವದತ್ತಿ ಹತ್ತಿರದ ಮುನವಳ್ಳಿಯಿಂದ ಹತ್ತೊಂಬತ್ತಕ್ಕೇ ಸೈನ್ಯ ಸೇರಿದವನು, ಇಪ್ಪತ್ತಾರಕ್ಕೆ ಸೆರಾಂಗಿನಲ್ಲಿ ಹಿಮದಡಿ ಹೂತುಹೋದ. ಜನವರಿಯಲ್ಲಿ ಕಾಣೆಯಾದವನ ದೇಹ ಸಿಕ್ಕಿದ್ದು ಜೂನ್ ತಿಂಗಳಲ್ಲಿ. ಒಂದೇ ಕ್ಷಣದಲ್ಲಿ ಪ್ರಾಣ ಹೋಗಿದೆ, ನೋವು ತಿಳಿದಿರಲಿಕ್ಕಿಲ್ಲ ಎಂದು ಅಧಿಕಾರಿಗಳು ತಾಯಿ ನಿಂಬೆವ್ವನಿಗೆ ಹೇಳಿದರು. ಆಗ ಭೂಕಂಪದ ಮೇಲೆ ಸಂಶೋಧನೆ ಮಾಡುತ್ತಿದ್ದ ನೀಲಾ ಅದನ್ನು ಬಿಟ್ಟು ಹಿಮದ ಕೆಲಸ ಹಿಡಿದಳು. ಹಿಮಾಲಯದ ಬುಡದ ದಂಡಿನ ಊರೊಂದರಲ್ಲಿದ್ದ ಹಿಮಪಾತ ಮುನ್ಸೂಚನಾ ಕೇಂದ್ರಕ್ಕೆ ಬಂದಳು. ಮದುವೆಯ ಮಾತು ತೆಗೆದವರಿಗೆಲ್ಲ ಬರುವ ವರ್ಷ ನೋಡೋಣ ಎನ್ನುತ್ತ ಆರು ವರ್ಷ ಕಳೆದಳು. ನಿಂಬೆವ್ವ ಮುನವಳ್ಳಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಮಗಳ ಜೊತೆ ಇರಲು ಬಂದಳು. ಹಿಂದಿ ಬಾರದಿದ್ದರೂ ಆಫೀಸು ಕ್ವಾರ್ಟರ್ಸಿನ ಹೆಂಗಸರಿಗೆಲ್ಲ ಜೋಳದ ರೊಟ್ಟಿ ಬಡಿಯಲು ಕಲಿಸಿ ಎಲ್ಲರ ಬಾಯಲ್ಲೂ ಅವ್ವ ಎನ್ನಿಸಿಕೊಂಡಳು.

ತಂತಿಯ ವಿಷಯದಲ್ಲಿ ಒಂದು ತೊಡಕಿತ್ತು. ಪರ್ವತದ ಏಣು ಒಂದೇ, ಅದರ ಆಚೆ ಮಗ್ಗುಲು ಅವರದು, ಈಚೆ ಮಗ್ಗುಲು ನಮ್ಮದು. ಬಂಡೆಯೊಳಗೆ ಹರಿಯುವ ಸದ್ದಿಗೆ ಗಡಿ ಗೊತ್ತಿಲ್ಲ. ಅವರ ಇಳಿಜಾರಿನಲ್ಲಿ ಹಿಮ ಮುರಿಯುವುದೂ ತಂತಿಗೆ ಕೇಳಿಸುತ್ತಿತ್ತು. ಅದನ್ನು ಏನು ಮಾಡಬೇಕೆಂದು ನೀಲಾ ಬರೆದು ಕೇಳಿದಾಗ ಎರಡು ಸಾಲಿನ ಉತ್ತರ ಬಂದಿತ್ತು. ಆಚೆಯ ಮುನ್ಸೂಚನೆಯನ್ನು ದಾಖಲಿಸಬೇಕು. ಯಾರಿಗೂ ತಿಳಿಸಬಾರದು.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಏಳು ಗಂಟೆಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮೂವತ್ತೊಂದನೆಯ ಕಿಲೋಮೀಟರ್ ಕೆಂಪಾಯಿತು. ಅದು ಆಚೆಯವರ ಇಳಿಜಾರು. ಅದರ ಬುಡದಲ್ಲಿ ಅವರದೊಂದು ಠಾಣೆ, ಒಳಗೆ ಇಪ್ಪತ್ತಾರು ಜನ ಎಂದು ನಮ್ಮ ಅಂದಾಜು. ನೀಲಾ ಕಾಗದ ಹಿಡಿದು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕ ಉಪಮನ್ಯು ಭಾರ್ಗವ ಒರಟು ಮನುಷ್ಯನಲ್ಲ. ಕೈಕೆಳಗಿನವರ ಮಕ್ಕಳ ಹೆಸರು ನೆನಪಿಟ್ಟುಕೊಂಡು ಕೇಳುವವರು. ಕಾಗದ ನೋಡಿ, ನಮ್ಮವರಿಗೆ ಅಪಾಯವಿದೆಯೆ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ದಾಖಲಿಸಿ ಎಂದು ಕಾಗದ ಮರಳಿಸಿದರು. ಅವಳು ದಾಖಲಿಸಿದಳು.

ಮಧ್ಯಾಹ್ನ ಮೂರೂ ಹತ್ತಕ್ಕೆ ಇಡೀ ಇಳಿಜಾರು ಕೆಳಗಿಳಿಯಿತು. ಪರದೆಯ ಮೇಲೆ ಆ ಭಾಗ ನಲವತ್ತು ಸೆಕೆಂಡು ಬಿಳಿಯಾಗಿ ಉರಿದು ಆಮೇಲೆ ಕಪ್ಪಾಯಿತು. ಮುನ್ಸೂಚನೆ ಹೇಳಿದ ವೇಳೆಗೂ ನಡೆದದ್ದಕ್ಕೂ ಹನ್ನೆರಡು ನಿಮಿಷದ ಅಂತರ ಮಾತ್ರ. ಯಾರೋ ಹಿಂದಿನಿಂದ ಅಭಿನಂದನೆ ಹೇಳಿದರು. ಸಂಜೆಯ ಹೊತ್ತಿಗೆ ಸುದ್ದಿ ಹೊರಬಿತ್ತು. ಟೀವಿಯಲ್ಲಿ ಒಬ್ಬ ಕೋಟು ತೊಟ್ಟವನು ಪ್ರಕೃತಿಯೇ ಶತ್ರುವಿಗೆ ಪಾಠ ಕಲಿಸಿತು ಎಂದು ಅರ್ಧ ತಾಸು ಕಿರುಚಿದ. ಕ್ವಾರ್ಟರ್ಸಿನ ಮೂರನೆಯ ಮನೆಯವರು ಡಬ್ಬಿಯಲ್ಲಿ ಲಡ್ಡು ತಂದು ಎಲ್ಲರ ಮನೆಗೂ ಹಂಚಿದರು. ನಿಂಬೆವ್ವ ಬಾಗಿಲಲ್ಲಿ ನಿಂತು, ಯಾರ ಮನಿಯಾಗ ಏನ ಕಾರ್ಯ ಎಂದು ಕನ್ನಡದಲ್ಲೇ ಕೇಳಿದಳು. ನೀಲಾ ಕಾರಣ ಹೇಳಿದಾಗ ಕೈಗೆ ಬಂದ ಲಡ್ಡುವನ್ನು ಡಬ್ಬಿಗೇ ಹಾಕಿ ಬಾಗಿಲು ಮುಚ್ಚಿದಳು.

ಮರುದಿನ ಬೆಳಿಗ್ಗೆ ನೀಲಾ ಕೆಲಸಕ್ಕೆ ಬರುವುದನ್ನೇ ಕಾಯುತ್ತಿದ್ದವಳಂತೆ ಪದ್ಮಾ ಆಂಗ್ಮೊ ಎದ್ದು ನಿಂತಳು. ಲೇಹ್ ಕಡೆಯ ಈ ತಂತ್ರಜ್ಞೆ ಮಾತು ಕಡಿಮೆಯವಳು, ಐವತ್ತರ ಹತ್ತಿರದವಳು. ತಂತಿಯ ಸದ್ದನ್ನು ಹಗಲೆಲ್ಲ ನೋಡಿ ನೋಡಿ ಯಾವುದು ಗಾಳಿ, ಯಾವುದು ಹಿಮ, ಯಾವುದು ಹೆಲಿಕಾಪ್ಟರ್ ಎಂದು ಕಣ್ಣಲ್ಲೇ ಹೇಳಬಲ್ಲವಳು. ಮೂವತ್ತೊಂದನೆಯ ಕಿಲೋಮೀಟರಿನ ಸಣ್ಣದೊಂದು ಗೀಟನ್ನು ತೋರಿಸಿ, ಇದು ಹಿಮವಲ್ಲ ಎಂದಳು. ನೀಲಾ ಅದನ್ನು ಕಿವಿಗೆ ಕೇಳುವ ಸದ್ದಾಗಿ ಬದಲಿಸಿ ಹೆಡ್‌ಫೋನ್ ಹಾಕಿಕೊಂಡಳು.

ಟಕ್ ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್ ಟಕ್ ಟಕ್.

ಲೋಹದ ಮೇಲೆ ಲೋಹದ ಪೆಟ್ಟು. ಗಾಳಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ. ಅವಳು ಸುಮ್ಮನೆ ಹತ್ತು ನಿಮಿಷ ಕೇಳಿದಳು. ಒಬ್ಬನ ಕೈ ಸೋತಾಗ ಇನ್ನೊಬ್ಬ ಬಡಿಯುತ್ತಿರಬೇಕು. ಒಂದು ಪೆಟ್ಟು ಬಿರುಸು, ಇನ್ನೊಂದು ಮೆತ್ತಗೆ. ಇಬ್ಬರೂ ಕೂತು ಲೆಕ್ಕ ಹಾಕಿದರು. ಸದ್ದು ತಂತಿಯ ಬೇರೆ ಬೇರೆ ಮೀಟರುಗಳನ್ನು ಬೇರೆ ಬೇರೆ ಹೊತ್ತಿಗೆ ಮುಟ್ಟುವುದರಿಂದ ಅದು ಹುಟ್ಟುವ ಜಾಗವನ್ನು ಒಂದು ಮೊಳದಷ್ಟು ನಿಖರವಾಗಿ ಹೇಳಬಹುದಿತ್ತು. ಒಂಬತ್ತು ಮೀಟರ್ ಹಿಮದ ಕೆಳಗೆ. ಠಾಣೆಯಿದ್ದ ಜಾಗದಿಂದ ನೂರ ಎಂಬತ್ತು ಮೀಟರ್ ತಗ್ಗಿನಲ್ಲಿ. ಹಿಮ ಅವರ ಗುಡಿಸಲನ್ನು ಇಡಿಯಾಗಿ ಎತ್ತಿಕೊಂಡು ಹೋಗಿತ್ತು. ಮೇಲ್ಛಾವಣಿ ಪೂರ್ತಿ ಕುಸಿದಿರಲಿಲ್ಲ, ಒಳಗೆ ಉಸಿರಾಡಲು ಒಂದಿಷ್ಟು ಪೊಳ್ಳು ಉಳಿದಿತ್ತು.

ಅಂದಿನ ಉಪಗ್ರಹ ಚಿತ್ರದಲ್ಲಿ ಆಚೆಯ ರಕ್ಷಣಾ ತಂಡ ಇರುವೆಗಳಂತೆ ಕಾಣುತ್ತಿತ್ತು. ಅವರು ಅಗೆಯುತ್ತಿದ್ದದ್ದು ಠಾಣೆ ಮೊದಲು ಇದ್ದ ಜಾಗದಲ್ಲಿ.

ಭಾರ್ಗವರು ಈ ಸಲ ಕಾಗದವನ್ನು ಬಹಳ ಹೊತ್ತು ನೋಡಿದರು. ಎರಡೂ ಸೈನ್ಯಗಳ ನಡುವೆ ನೇರ ದೂರವಾಣಿ ಇದೆ, ಎರಡು ನಿಮಿಷದ ಮಾತು, ಜಾಗದ ಗುರುತು ಹೇಳಿದರೆ ಸಾಕು ಎಂದು ನೀಲಾ ವಿವರಿಸಿದಳು. ಅವರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

“ಡಾಕ್ಟರ್, ನಿಮ್ಮ ತಂತಿಯ ಕೊನೆಯ ಏಳು ಕಿಲೋಮೀಟರ್ ಎಲ್ಲಿದೆ ಎಂದು ನಿಮಗೆ ಗೊತ್ತೆ?”

“ಏಣಿನ ಈಚೆ ಮಗ್ಗುಲಲ್ಲಿ.”

“ಇಲ್ಲ. ಆಚೆಗಿದೆ. ಹಾಸಿದ ತಂಡಕ್ಕೆ ಹಾಗೇ ಅಪ್ಪಣೆಯಿತ್ತು. ಆ ಕಣಿವೆಯ ಕೆಳಗೆ ಅವರದೊಂದು ಸುರಂಗ ರಸ್ತೆ ಇದೆ. ಅಣುಕ್ಷಿಪಣಿ ಹೊತ್ತ ಲಾರಿಗಳು ಅದರಲ್ಲೇ ಓಡಾಡುವುದು. ಒಂದು ಲಾರಿ ಅಲುಗಿದರೂ ನಮಗೆ ತಿಳಿಯುತ್ತದೆ.”

ಅದನ್ನು ತಾನು ಹಿಮಕ್ಕಾಗಿ ಮಾಡಿದ್ದು ಎಂದು ಅವಳು ಹೇಳಿದಳು. ಮಂಜೂರು ಮಾಡಿದವರು ಹಿಮಕ್ಕಾಗಿ ಮಾಡಲಿಲ್ಲ ಎಂದು ಅವರು ಉತ್ತರಿಸಿದರು. ಧ್ವನಿಯಲ್ಲಿ ಗರ್ವವಿರಲಿಲ್ಲ, ದಣಿವಿತ್ತು. ಜಾಗದ ಗುರುತು ಕೊಟ್ಟರೆ ತಂತಿ ಎಲ್ಲಿಯವರೆಗೆ ಕೇಳುತ್ತದೆ ಎಂದು ಅವರಿಗೆ ಗೊತ್ತಾಗುತ್ತದೆ. ನಾಳೆ ಅವರು ಬಾಂಬನ್ನು ಹೊರಗೆ ತಂದರೆ ನಮಗೆ ಸುಳಿವೇ ಸಿಗುವುದಿಲ್ಲ. ಐದಾರು ಜನರಿಗಾಗಿ ಕೋಟಿ ಜನರ ಕಾವಲು ಕಳೆದುಕೊಳ್ಳಲಾಗದು. ಹೀಗೆ ಒಂದೊಂದನ್ನೂ ಬಿಡಿಸಿ ಹೇಳಿದರು. ಆದರೂ ಕಡತವನ್ನು ದಿಲ್ಲಿಗೆ ಕಳಿಸುತ್ತೇನೆ, ಮೇಲಿನವರು ಪರಿಶೀಲಿಸಲಿ ಎಂದರು.

“ಎಷ್ಟು ಹೊತ್ತು ಪರಿಶೀಲಿಸುತ್ತಾರೆ ಸರ್?”

ಅದು ನನಗೂ ಗೊತ್ತಿಲ್ಲ ಎಂದು ಅವರು ಕಡತದ ದಾರ ಕಟ್ಟಿದರು. ಕೆಳಗಿನವರಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಕಡತ ಹೋಯಿತು. ಹನ್ನೆರಡೂವರೆಗೆ ದಿಲ್ಲಿಯಿಂದ ಫೋನು ಬಂತು. ಸದ್ದು ನಿಜವಾಗಿಯೂ ಮನುಷ್ಯರದೇ ಎನ್ನಲು ಎರಡನೆಯ ಅಭಿಪ್ರಾಯ ಬೇಕಂತೆ. ಒಂದು ಗಂಟೆಗೆ ಇನ್ನೊಂದು ಫೋನು. ಸಂಬಂಧಪಟ್ಟ ಕಾರ್ಯದರ್ಶಿ ಪ್ರವಾಸದಲ್ಲಿದ್ದಾರಂತೆ. ನೀಲಾಳ ಕಣ್ಣು ಕೆಂಪಾಗಿದ್ದನ್ನು ನೋಡಿ ಆಂಗ್ಮೊ ಅವಳ ಕಿವಿಯಿಂದ ಹೆಡ್‌ಫೋನ್ ಬಿಡಿಸಿ, ಮನೆಗೆ ಹೋಗಿ ಊಟ ಮಾಡಿ ಬನ್ನಿ, ಅಷ್ಟು ಹೊತ್ತು ನಾನು ಕೇಳುತ್ತೇನೆ ಎಂದು ಕಳಿಸಿದಳು.

ನಿಂಬೆವ್ವ ಚಪಾತಿ, ಪುಂಡಿಪಲ್ಯ ಬಡಿಸಿದಳು. ನೀಲಾ ತುತ್ತು ಮುರಿದು ಕೈಯಲ್ಲೇ ಹಿಡಿದು ಕೂತಳು. ಆಫೀಸಿನ ಮಾತನ್ನು ಮನೆಗೆ ತರದ ಮಗಳು ಅವತ್ತು ಎಲ್ಲ ಹೇಳಿಬಿಟ್ಟಳು. ತಂತಿ, ಟಕ್ ಟಕ್ ಸದ್ದು, ತಪ್ಪು ಜಾಗದಲ್ಲಿ ಅಗೆಯುತ್ತಿರುವವರು, ದಿಲ್ಲಿಗೆ ಹೋದ ಕಡತ. ನಿಂಬೆವ್ವ ಸೌಟು ಕೆಳಗಿಟ್ಟಳು.

“ನಮ್ಮ ಮಡಿವಾಳನೂ ಹಿಂಗ ಬಡದಿದ್ನಲ್ಲ.”

ನೀಲಾ ತಲೆಯೆತ್ತಿದಳು. ತಮ್ಮ ಎರಡು ದಿನ ಬದುಕಿದ್ದ ಎಂಬ ವೈದ್ಯರ ವರದಿಯನ್ನು ಅವಳು ಓದಿದ್ದಳು, ಆದರೆ ಅವ್ವನಿಗೆ ಎಂದೂ ಹೇಳಿರಲಿಲ್ಲ.

“ಹೆಣದ ಕೂಡ ಬಂದ ಅವನ ಟ್ರಂಕಿನ್ಯಾಗ ಒಂದ ಚಮಚಾ ಇತ್ತು,” ಎಂದಳು ನಿಂಬೆವ್ವ. “ತುದಿ ಜಜ್ಜಿ ಹೋಗಿತ್ತು. ಉಣ್ಣೋ ಚಮಚಾ ಹಂಗ ಆಗೂದಿಲ್ಲ. ನನಗ ಅವತ್ತ ತಿಳೀತು. ನೀನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆವಾಗ ಕೇಳಸ್ಕೊಳ್ಳೋರು ಯಾರೂ ಇರ್ಲಿಲ್ಲ ಅಂತ ಸಮಾಧಾನ ಮಾಡ್ಕೊಂಡೆ.”

ಮಗಳ ತಟ್ಟೆಯ ಕಡೆ ನೋಡಿ ಮತ್ತೆ ಹೇಳಿದಳು:

“ನಿನಗ ಕೇಳಸ್ತೈತಿ ಅಂತಿ. ಕೇಳಸಿದ ಮ್ಯಾಲೂ ಊಟಕ್ಕ ಬಂದು ಕುಂತೀಯಲ್ಲ ನೀಲವ್ವಾ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನೀಲಾ ತಡೆದುಕೊಳ್ಳುತ್ತಿದ್ದಳು. ಕೈ ತೊಳೆದು ಎದ್ದಳು.

ಕೇಂದ್ರಕ್ಕೆ ಮರಳಿದಾಗ ಪೆಟ್ಟುಗಳ ನಡುವಿನ ಬಿಡುವು ಉದ್ದವಾಗಿತ್ತು. ಬಿರುಸಾಗಿ ಬಡಿಯುತ್ತಿದ್ದ ಕೈ ಕೇಳಿಸುತ್ತಲೇ ಇರಲಿಲ್ಲ. ಮೆತ್ತಗಿನ ಕೈ ಮಾತ್ರ ಬಡಿಯುತ್ತಿತ್ತು. ದಿಲ್ಲಿಯಿಂದ ಏನಾದರೂ ಬಂತೆ ಎಂದು ಕೇಳಿದ್ದಕ್ಕೆ ಆಂಗ್ಮೊ ಇಲ್ಲವೆಂದು ತಲೆಯಾಡಿಸಿದಳು.

ಎರಡು ವರ್ಷದ ಹಿಂದೆ ಕಠ್ಮಂಡುವಿನಲ್ಲಿ ನಡೆದ ಹಿಮವಿಜ್ಞಾನಿಗಳ ಸಮಾವೇಶದಲ್ಲಿ ನೀಲಾ ಒಬ್ಬಳನ್ನು ಭೇಟಿಯಾಗಿದ್ದಳು. ಜಬೀನ್ ಕಾಜ್ಮಿ, ಆಚೆ ದೇಶದವಳು, ಅಲ್ಲಿನ ಹಿಮಪಾತ ಕೇಂದ್ರದಲ್ಲಿ ಇವಳದೇ ಹುದ್ದೆಯವಳು. ಚಹಾದ ವಿರಾಮದಲ್ಲಿ ಇಬ್ಬರೂ ಹಿಂದಿಯೋ ಉರ್ದುವೋ ತಿಳಿಯದ ಒಂದು ಭಾಷೆಯಲ್ಲಿ ಸಕ್ಕರೆ ಹಿಮದ ಬಗ್ಗೆ ಮಾತಾಡಿದ್ದರು. ಹಿಂದೆ ಮುಂದೆ ಕಾವಲಿನವರು ನಿಂತಿದ್ದರಿಂದ ಬೇರೇನೂ ಮಾತಾಡಲು ಆಗಿರಲಿಲ್ಲ. ಜಬೀನಳ ಇಮೇಲ್ ವಿಳಾಸ ಅವಳ ಪ್ರಬಂಧದ ಕೆಳಗೆ ಅಚ್ಚಾಗಿಯೇ ಇತ್ತು.

ನೀಲಾ ಕಟ್ಟಡದ ಹೊರಗೆ ಬಂದು ದೇವದಾರು ಮರದ ಕೆಳಗಿನ ಕಟ್ಟೆಯ ಮೇಲೆ ಕೂತಳು. ಮೂರೂ ಇಪ್ಪತ್ತಾಗಿತ್ತು, ಬಿಸಿಲು ಚೆನ್ನಾಗಿತ್ತು. ತನ್ನದೇ ಫೋನಿನಿಂದ, ತನ್ನದೇ ಹೆಸರಿನಲ್ಲಿ ಬರೆದಳು. ಅಕ್ಷಾಂಶ, ರೇಖಾಂಶ, ಆಳ. ಕೆಳಗೆ ಒಂದು ಸಾಲು: ಬದುಕಿದ್ದಾರೆ, ಬಡಿಯುತ್ತಿದ್ದಾರೆ, ನಾನು ಕೇಳಿದ್ದೇನೆ. ಹೆಸರು ಮರೆಸಬಹುದಿತ್ತು. ಆದರೆ ಹೆಸರಿಲ್ಲದ ಪತ್ರವನ್ನು ಯಾರು ನಂಬುತ್ತಾರೆ? ಕಳಿಸಿದಳು. ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂತಳು.

ಆಚೆ ಏನಾಯಿತು ಎಂಬುದು ಅವಳಿಗೆ ತಿಳಿದದ್ದು ಬಹಳ ತಿಂಗಳ ಮೇಲೆ. ಪತ್ರ ಹತ್ತೇ ನಿಮಿಷದಲ್ಲಿ ಜಬೀನಳ ಕಣ್ಣಿಗೆ ಬಿದ್ದಿತ್ತು. ಅವಳು ಅದನ್ನು ಹಿಡಿದು ತನ್ನ ನಿರ್ದೇಶಕನ ಕೋಣೆಗೆ ಓಡಿದ್ದಳು. ಆತ ಅದನ್ನು ಸೈನ್ಯದವರಿಗೆ ತೋರಿಸಿದ. ಸೈನ್ಯದವರು ಅವಳನ್ನು ಕೂರಿಸಿಕೊಂಡು, ಈ ಹೆಂಗಸು ನಿನಗೆ ಯಾಕೆ ಪತ್ರ ಬರೆದಳು, ಹಿಂದೆ ಎಷ್ಟು ಬರೆದಿದ್ದಾಳೆ ಎಂದು ಆರು ತಾಸು ಕೇಳಿದರು. ಇದು ಬಲೆ, ಅಗೆಯುವವರನ್ನು ಆ ಜಾಗಕ್ಕೆ ಎಳೆದು ಮೇಲಿನಿಂದ ಇನ್ನಷ್ಟು ಹಿಮ ಬೀಳಿಸುವ ಸಂಚು ಎಂದು ತೀರ್ಮಾನಿಸಿದರು. ಅವರೂ ಒಂದು ಕಡತ ಮಾಡಿದರು. ಅದೂ ಅವರ ರಾಜಧಾನಿಗೆ ಹೋಯಿತು. ಇಷ್ಟು ಕಾಲ ಒಬ್ಬರ ಕೊರಳು ಒಬ್ಬರು ಹಿಡಿದು ನಿಂತ ಎರಡು ದೇಶಗಳು ಒಂದನ್ನೊಂದು ಎಷ್ಟು ಚೆನ್ನಾಗಿ ಹೋಲುತ್ತವೆ ಎಂದು ಆಮೇಲೆ ನೀಲಾ ಯೋಚಿಸಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಕೊನೆಗೂ ಆ ಜಾಗ ಅಗೆದದ್ದು ಅಪ್ಪಣೆಯಿಂದಲ್ಲ. ಜಬೀನ್ ಆ ಮೂರು ಸಂಖ್ಯೆಗಳನ್ನು ಬಾಗಿಲ ಕಾವಲಿನ ಸುಬೇದಾರನೊಬ್ಬನಿಗೆ ಹೇಳಿದ್ದಳು. ಹಿಮದ ಕೆಳಗಿದ್ದವರು ಅವನ ಪಲ್ಟನ್ನಿನವರೇ. ಅವನು ವೈರ್‌ಲೆಸ್ಸಿನಲ್ಲಿ ಹಿಮನದಿಯ ಮೇಲಿದ್ದ ತನ್ನವರಿಗೆ ಹೇಳಿದ. ಬೆಳಗಾಗುತ್ತಲೇ ಹದಿನಾಲ್ಕು ಜನ ಯಾರನ್ನೂ ಕೇಳದೆ ಸಲಿಕೆ ಹಿಡಿದು ಹೊರಟರು.

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಇತ್ತ ನೀಲಾಳ ಕಿವಿಯಲ್ಲಿ ಹೊಸ ಸದ್ದು ಬಂತು. ಒಂದು, ಎರಡು, ಆಮೇಲೆ ಹಲವು. ಸಲಿಕೆಗಳು ಹಿಮಕ್ಕೆ ಕಚ್ಚುವ ಸದ್ದು, ಸರಿಯಾಗಿ ಆ ಜಾಗದಲ್ಲೇ. ಅವಳು ಇನ್ನೊಂದು ಹೆಡ್‌ಫೋನನ್ನು ಆಂಗ್ಮೊಳ ಕೈಗೆ ಕೊಟ್ಟಳು. ಇಬ್ಬರೂ ಎರಡೂಮುಕ್ಕಾಲು ತಾಸು ಕೇಳಿದರು. ಸಲಿಕೆಗಳು ನಿಂತವು. ಮೇಲಿನಿಂದ ಯಾರೋ ಮೂರು ಸಲ ತಟ್ಟಿದರು. ಕೆಳಗಿನಿಂದ ಬಹಳ ಹೊತ್ತಾದ ಮೇಲೆ ಒಂದು ಪೆಟ್ಟು ಬಂತು. ಆಂಗ್ಮೊ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಐದು ಜನ ಆ ಪೊಳ್ಳಿನಲ್ಲಿದ್ದರು. ಇಬ್ಬರು ಬದುಕಿ ಹೊರಬಂದರು. ಉಳಿದ ಮೂವರಲ್ಲಿ ಒಬ್ಬನ ಜೀವ ಹೋಗಿ ಮೂರು ತಾಸೂ ಆಗಿರಲಿಲ್ಲ ಎಂದು ಅವರ ವೈದ್ಯರು ಬರೆದರು. ಅವನು ಆ ಪಲ್ಟನ್ನಿನ ಅಡುಗೆಯವನು. ಪತ್ರ ತಲುಪಿದ ಸಂಜೆಯೇ ಅಗೆದಿದ್ದರೆ ಅವನು ಬದುಕುತ್ತಿದ್ದ. ಹಿಂದಿನ ಬೆಳಿಗ್ಗೆ ಇತ್ತಣಿಂದ ಫೋನು ಹೋಗಿದ್ದರೆ ಬಹುಶಃ ಐವರೂ. ಹನ್ನೊಂದರ ಬೆಳಿಗ್ಗೆ ಏಳು ಗಂಟೆಗೆ ಹೇಳಿದ್ದರೆ ಇಪ್ಪತ್ತಾರೂ ಜನ. ಈ ಮೂರನೆಯ ಲೆಕ್ಕ ನೀಲಾಳನ್ನು ಬಹಳ ಕಾಡಿತು. ಯಾಕೆಂದರೆ ಆ ಬೆಳಿಗ್ಗೆ ದಾಖಲಿಸಿ ಸುಮ್ಮನಾದವಳು ಅವಳೇ.

ಅದೇ ಮಧ್ಯಾಹ್ನ ಅವಳು ಭಾರ್ಗವರ ಕೋಣೆಗೆ ಹೋಗಿ, ಸಂಖ್ಯೆಗಳನ್ನು ಕಳಿಸಿದ್ದು ನಾನು ಎಂದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಚೆ ದೇಶದ ಟೀವಿಯಲ್ಲಿ ಆಗಲೇ ರಕ್ಷಣಾ ತಂಡದ ನಾಯಿಯೊಂದು ವಾಸನೆ ಹಿಡಿದು ಜವಾನರನ್ನು ಪತ್ತೆ ಮಾಡಿತು ಎಂದು ಸುದ್ದಿ ಬರುತ್ತಿತ್ತು. ಆ ನಾಯಿಗೆ ಪದಕವನ್ನೂ ಕೊಟ್ಟರು. ಒಳಗೊಳಗೆ ಮಾತ್ರ ಅವರ ಸೇನಾಪತಿಗಳು ತಮ್ಮ ನೆಲದ ಒಂಬತ್ತು ಮೀಟರ್ ಕೆಳಗಿನ ಸದ್ದು ಪಕ್ಕದವರಿಗೆ ಕೇಳುತ್ತದೆ ಎಂದು ಗಾಬರಿಯಾಗಿ ಸುರಂಗದಲ್ಲಿದ್ದ ಲಾರಿಗಳನ್ನು ಬೇರೆಡೆಗೆ ಹೊರಡಿಸಿದರು. ಲಾರಿ ಅಲುಗಿದ್ದು ತಂತಿಗೆ ಕೇಳಿಸಿತು. ಇವರು ಬಾಂಬು ಹೊರಗೆ ಬಂತೆಂದು ತಮ್ಮ ಕ್ಷಿಪಣಿಗಳನ್ನು ಸಜ್ಜು ಮಾಡಿದರು. ಮೂವತ್ತು ತಾಸು ಎರಡು ದೇಶಗಳ ಜನ ಏನೂ ತಿಳಿಯದೆ ತರಕಾರಿ ಕೊಳ್ಳುತ್ತ, ಮಕ್ಕಳನ್ನು ಶಾಲೆಗೆ ಬಿಡುತ್ತ ಇದ್ದರು. ಆಮೇಲೆ ಎರಡೂ ಕಡೆಯವರು ದೂರವಾಣಿಯಲ್ಲಿ ಮಾತಾಡಿ ಸಮಾಧಾನವಾದರು. ಅದೇ ದೂರವಾಣಿ.

“ಎಂಥ ಅಪಾಯ ತಂದಿರಿ ಎಂದು ಅರ್ಥವಾಯಿತೆ?” ಎಂದು ಅದೆಲ್ಲ ತಣ್ಣಗಾದ ಮೇಲೆ ಅವಳನ್ನು ಮತ್ತೆ ಕರೆಸಿ ಭಾರ್ಗವರು ಕೇಳಿದರು. ಅವಳನ್ನು ಅಮಾನತು ಮಾಡಿದ ಕಾಗದ ಅವರ ಮುಂದಿತ್ತು.

“ಅಪಾಯ ನಾನು ತಂದದ್ದಲ್ಲ ಸರ್. ಇಬ್ಬರನ್ನು ಬದುಕಿಸಿದ್ದಕ್ಕೆ ಸಿಡಿದುಹೋಗುವಂಥದ್ದನ್ನು ಕಟ್ಟಿಟ್ಟವರು ಬೇರೆ ಯಾರೋ.”

ಸುದ್ದಿ ವಾರದೊಳಗೆ ಸೋರಿತು. ಲಡ್ಡು ಹಂಚಿದ ಮನೆಯವರು ಮಾತು ಬಿಟ್ಟರು. ಕೋಟು ತೊಟ್ಟವನು ಟೀವಿಯಲ್ಲಿ ಅವಳ ಹಳೆಯ ಫೋಟೊ ತೋರಿಸಿ ದ್ರೋಹಿ ಎಂದ. ಮುನವಳ್ಳಿಯಲ್ಲಿ ಮಡಿವಾಳನ ಹೆಸರಿಟ್ಟಿದ್ದ ವೃತ್ತದ ಫಲಕದ ಮೇಲೆ ಯಾರೋ ಮಸಿ ಎರಚಿದರು. ಅದು ಗೊತ್ತಾದಾಗ ಮಾತ್ರ ನಿಂಬೆವ್ವ ಒಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮರುದಿನ ಎದ್ದು ಸ್ನಾನ ಮಾಡಿ, ಆಂಗ್ಮೊಳ ಕೈಯಲ್ಲಿ ಮುನವಳ್ಳಿಯ ಪಂಚಾಯಿತಿಗೆ ಫೋನು ಹಚ್ಚಿಸಿದಳು. ಮಸಿ ತೊಳೆಯುವುದು ಬೇಡ, ಫಲಕವನ್ನೇ ತೆಗೆದುಬಿಡಿ, ನನ್ನ ಮಗನ ಹೆಸರು ನಿಮ್ಮ ಕೈಯಾಗ ಬ್ಯಾಡ ಎಂದು ಹೇಳಿ ಇಟ್ಟಳು.

ಬೇಸಿಗೆಯಲ್ಲಿ ಆಚೆಯವರೂ ಅಂಥದೇ ತಂತಿ ಹಾಸಿದರು, ಆಮೇಲೆ ಎರಡೂ ದೇಶಗಳು ಹೊಸ ಯಂತ್ರಗಳನ್ನು ಹಿಮನದಿಗೆ ಸಾಗಿಸಿದವು. ಬಂಡೆಗೆ ಕಚ್ಚಿಸಿಟ್ಟ ದೊಡ್ಡ ಸುತ್ತಿಗೆಗಳು ಅವು. ಹಗಲೂ ರಾತ್ರಿ ನೆಲವನ್ನು ಬಡಿಯುತ್ತ ಎದುರಾಳಿಯ ತಂತಿಗೆ ಗದ್ದಲ ತುಂಬುವುದೇ ಅವುಗಳ ಕೆಲಸ. ಆ ಗದ್ದಲದಲ್ಲಿ ಲಾರಿಗಳ ಓಡಾಟ ಕೇಳಿಸದಾಯಿತು. ಹಿಮ ಮುರಿಯುವುದೂ ಕೇಳಿಸದಾಯಿತು. ತಂತಿ ಕಿವುಡಾಯಿತು ಎಂದು ಆಂಗ್ಮೊ ಒಂದು ಸಂಜೆ ಬಂದು ಹೇಳಿ, ಚಹಾ ಕುಡಿಯದೆ ಹೋದಳು. ಮುಂದಿನ ಡಿಸೆಂಬರಿನಲ್ಲಿ ನಮ್ಮ ಕಡೆಯ ಒಂದು ಠಾಣೆಯ ಹನ್ನೊಂದು ಜನ ಹಿಮದಡಿ ಹೋದರು. ಮುನ್ಸೂಚನೆ ಇರಲಿಲ್ಲ. ಅವರಲ್ಲಿ ಒಬ್ಬ ಗೋಕಾಕದವನು, ಒಬ್ಬ ಮಡಿಕೇರಿಯವನು. ಜನವರಿಯಲ್ಲಿ ಆಚೆಯ ಏಳು ಜನ. ಟೀವಿಯವರಿಗೆ ಎರಡು ತಿಂಗಳಿಗೆ ಸಾಕಾಗುವಷ್ಟು ಸುದ್ದಿ ಸಿಕ್ಕಿತು.

ವಿಚಾರಣಾ ಸಮಿತಿ ಅವಳನ್ನು ದಿಲ್ಲಿಗೆ ಕರೆಸಿದ್ದು ಫೆಬ್ರವರಿಯಲ್ಲಿ. ಮೂವರು ಹಿರಿಯರು, ಉದ್ದದ ಮೇಜು, ನೀರಿನ ಲೋಟಗಳು. ಅವರು ಕೂಗಾಡಲಿಲ್ಲ. ಅಧ್ಯಕ್ಷರು ಅವಳ ತಮ್ಮನ ವಿಷಯ ಓದಿದ್ದೇವೆ, ನಮಗೂ ವ್ಯಥೆಯಿದೆ ಎಂದರು. ಒಂದು ಹಾಳೆಯನ್ನು ಅವಳ ಮುಂದೆ ಸರಿಸಿ, ಇದಕ್ಕೆ ಸಹಿ ಹಾಕಿದರೆ ಮೊಕದ್ದಮೆ ಇರುವುದಿಲ್ಲ, ಪಿಂಚಣಿಯೂ ಉಳಿಯುತ್ತದೆ, ತಾಯಿಯನ್ನು ಕರೆದುಕೊಂಡು ಊರಿಗೆ ಹೋಗಬಹುದು ಎಂದರು. ಹಾಳೆಯಲ್ಲಿ ನಾಲ್ಕು ಸಾಲುಗಳಿದ್ದವು. ತಮ್ಮನ ಸಾವಿನ ಆಘಾತದಿಂದ ಮಾನಸಿಕ ಸ್ಥಿಮಿತ ಕಳೆದುಕೊಂಡಿದ್ದ ತಾನು, ಮಾಡುತ್ತಿರುವುದೇನೆಂಬ ಅರಿವಿಲ್ಲದೆ ರಹಸ್ಯ ಮಾಹಿತಿಯನ್ನು ಹೊರಗೆ ಕಳಿಸಿದೆ, ಅದಕ್ಕಾಗಿ ವಿಷಾದಿಸುತ್ತೇನೆ ಎಂದು.

ನೀಲಾ ಎರಡು ಸಲ ಓದಿದಳು. ಇಷ್ಟು ದಿನ ಕಾದಿಟ್ಟಿದ್ದ ಸಿಟ್ಟು ಆಗ ಬಂತು. ಪೆನ್ನು ಕೇಳಿ ತೆಗೆದುಕೊಂಡು ನಾಲ್ಕೂ ಸಾಲುಗಳನ್ನು ಹೊಡೆದುಹಾಕಿದಳು. ಕೆಳಗೆ ಉಳಿದ ಜಾಗದಲ್ಲಿ ನಿಧಾನವಾಗಿ ಬರೆದು, ಸಹಿ ಹಾಕಿ, ತಾರೀಕು ಬರೆದಳು. ಅಧ್ಯಕ್ಷರು ಓದಿ ಹಾಳೆಯನ್ನು ಪಕ್ಕದವರಿಗೆ ದಾಟಿಸಿದರು. ಇದಕ್ಕೆ ಜೈಲಾಗುತ್ತದೆ, ಗೊತ್ತಿದೆಯೆ ಎಂದು ಕೇಳಿದರು. ಗೊತ್ತಿದೆ ಎಂದಳು. ತನಗೊಂದು ಪ್ರತಿ ಬೇಕು ಎಂದು ಕೇಳಿದಳು. ಇದು ರಹಸ್ಯ ದಾಖಲೆ, ಪ್ರತಿ ಕೊಡಲು ಬರುವುದಿಲ್ಲ ಎಂದರು.

“ಹಾಗಾದರೆ ಇನ್ನೊಮ್ಮೆ ಓದಿಕೊಳ್ಳುತ್ತೇನೆ,” ಎಂದು ಹಾಳೆಯನ್ನು ಕೇಳಿ ಪಡೆದಳು. ಶಾಲೆಯ ಮಕ್ಕಳಂತೆ ಒಂದೊಂದು ಪದವನ್ನೂ ಬೆರಳಿಟ್ಟು ಓದಿ, ಹಾಳೆ ಮರಳಿಸಿ ಎದ್ದಳು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ನಿಂಬೆವ್ವ ಕೂತಿದ್ದಳು. ಜೊತೆಗೆ ಬಂದ ಮಹಿಳಾ ಪೇದೆ ಹತ್ತು ನಿಮಿಷ ಮಾತಾಡಿಕೊಳ್ಳಿ ಎಂದು ಒಂದು ಹೆಜ್ಜೆ ದೂರ ನಿಂತಳು.

“ಏನ್ ಬರಕೊಟ್ಟಿ?” ಎಂದು ನಿಂಬೆವ್ವ ಕೇಳಿದಳು.

ನೀಲಾ ಅವ್ವನ ಪಕ್ಕ ಕೂತು, ಪ್ರತಿ ಕೊಡಲಿಲ್ಲ, ಬಾಯಿಪಾಠ ಮಾಡಿಕೊಂಡು ಬಂದೆ ಎಂದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಅವಳಿಗೆ ತಿಳಿಯುವ ಹಾಗೆ ಹೇಳಿದಳು:

“ನನ್ನ ಬುದ್ಧಿ ನೆಟ್ಟಗಿತ್ತು. ಏನ್ ಮಾಡಾಕತ್ತೀನಿ ಅಂತ ನನಗ ಗೊತ್ತಿತ್ತು. ಅದಕ್ಕ ನನಗ ಪಶ್ಚಾತ್ತಾಪ ಇಲ್ಲ. ಮೊದಲನೇ ದಿನ ಮುಂಜಾನೆ ಏಳಕ್ಕ ಹೇಳಲಿಲ್ಲಲ್ಲ, ಪಶ್ಚಾತ್ತಾಪ ಇರೂದು ಅದರ ಸಲುವಾಗಿ.”

ನಿಂಬೆವ್ವ ಬೆಂಚಿನ ಮೇಲೆ ಸರಿದು ಮಗಳಿಗೆ ಇನ್ನಷ್ಟು ಜಾಗ ಮಾಡಿ, ಇನ್ನೊಮ್ಮೆ ಹೇಳು, ನಾನೂ ಕಲೀತೀನಿ ಎಂದಳು. ನೀಲಾ ಮೊದಲಿನಿಂದ ಹೇಳತೊ‌ಡಗಿದಳು. ಹತ್ತು ನಿಮಿಷ ಕಳೆದಿದ್ದರೂ ಪೇದೆ ಕರೆಯಲಿಲ್ಲ.